ಅಮ್ಮ ಇರುವಾಗಲೇ ಕಲಿಯಬೇಕಾದ ಕೆಲಸ

ಅಪ್ಪ-ಅಮ್ಮನ ಕಾಲದ ನಂತರ ನೋಡಿಕೊಳ್ಳುವ ಏರ್ಪಾಡು ಹೇಗೆ ಎಂದು ಮಾತಾಡಲು ಬುದ್ಧಿಮಾಂದ್ಯತೆ ಇರುವವರ ಅಣ್ಣ-ತಮ್ಮ, ಅಕ್ಕ-ತಂಗಿಯರನ್ನು ನಾವು ಸೇರಿಸುವುದು ಕಾಫಿ ಕೊಯ್ಲು ಮುಗಿದ ಮೇಲೆ. ಮೂಡಿಗೆರೆ, ಸಕಲೇಶಪುರದವರಿಗೆ ಆಗ ಕೈ ಬಿಡುವಾಗುತ್ತದೆ. ಬೆಂಗಳೂರಿನಲ್ಲಿರುವವರಿಗೂ ಅನುಕೂಲವಾಗಲೆಂದು ಭಾನುವಾರವೇ ಇಡುತ್ತೇವೆ. ಆರೇಳು ಜನ, ಎರಡು ಗಂಟೆ ಸಾಕು. ಅಪ್ಪ-ಅಮ್ಮನನ್ನು ಕರೆಯುವುದಿಲ್ಲ. ಅವರು ಎದುರಿಗಿದ್ದರೆ ಎಲ್ಲರೂ "ನಾನೇ ನೋಡ್ಕೊಳ್ತೀನಿ" ಅಂದುಬಿಡುತ್ತಾರೆ. ಆ ಮಾತಿನ ಮೇಲೆ ಯಾವ ಏರ್ಪಾಡೂ ನಿಲ್ಲುವುದಿಲ್ಲ.

"ಯಾರು ಇಟ್ಕೊಳ್ತೀರಿ?" ಎಂದು ನಾನು ಕೇಳುವುದಿಲ್ಲ. ಕೆಲಸವನ್ನು ಬಿಡಿಬಿಡಿಯಾಗಿ ಕೇಳುತ್ತೇನೆ: ಆಸ್ಪತ್ರೆಗೆ ಯಾರು, ಪಿಂಚಣಿ-ಬ್ಯಾಂಕಿಗೆ ಯಾರು, ಸ್ನಾನ-ಊಟಕ್ಕೆ ಯಾರು. "ನನ್ನಿಂದ ಆಗಲ್ಲ" ಅನ್ನುವುದಕ್ಕೂ ಅಲ್ಲಿ ಜಾಗ ಇರಬೇಕು. ಹಾಗಂದು ಅಳುವವರೂ ಉಂಟು. ಅಳಲಿ, ಸಮಾಧಾನ ಹೇಳಲು ಅವಸರಪಡಬಾರದು.

ಆಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್. ಅಮ್ಮನ ತಲೆಯಲ್ಲಷ್ಟೇ ಇರುವುದನ್ನು ಕೇಳಿ ಕೇಳಿ ಅದರಲ್ಲಿ ಬರೆಯಬೇಕು. "ಹುಷಾರಾಗಿ ನೋಡಿಕೊಳ್ಳಬೇಕು" ಎಂದರೆ ಏನೂ ಹೇಳಿದಂತಾಗಲಿಲ್ಲ. "ಹೊಟ್ಟೆ ನೋವು ಬಂದರೆ ಬಲಗಿವಿ ಹಿಡಿದುಕೊಂಡು ಕಣದ ಮೂಲೆಯಲ್ಲಿ ಕೂರುತ್ತಾಳೆ" ಎಂದಿರಬೇಕು. ಫಿಟ್ಸ್ ಮಾತ್ರೆ ಇದ್ದರೆ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ ಎಂಬುದು ಮೊದಲ ಪುಟದಲ್ಲೇ. ಆ ಮಾತ್ರೆ ಏಕಾಏಕಿ ನಿಂತರೆ ಫಿಟ್ಸ್ ಜೋರಾಗಿ ಮರುಕಳಿಸಬಹುದು. ಫಿಟ್ಸ್ ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು.

ಕಾಗದಪತ್ರದಲ್ಲಿ ಹೆಚ್ಚು ಜನ ಎಡವುವುದು ಒಂದೇ ಕಡೆ. 18 ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಗಾರ್ಡಿಯನ್ (ಕಾನೂನಿನ ಪ್ರಕಾರ ಪೋಷಕರು) ಅಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಒಡಹುಟ್ಟಿದವರೂ ಹಾಕಬಹುದು. ನೇಮಕವಾದ ಆರು ತಿಂಗಳೊಳಗೆ ಆಸ್ತಿ-ಸಾಲದ ಪಟ್ಟಿ ಕೊಡಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಆದೇಶ ಕೈಗೆ ಬಂದ ಖುಷಿಯಲ್ಲಿ ಇವೆರಡೂ ಮರೆತುಹೋಗುತ್ತವೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್, ಪಿಂಚಣಿ ವಿಷಯಕ್ಕೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದರೆ ಆಯಿತು. ತೋಟದ ಪಾಲಿನ ವಿಷಯ ಮಾತ್ರ ಹಗುರ ಮಾಡಬೇಡಿ. ಪಾಲು ಬಿಟ್ಟುಕೊಟ್ಟೆ ಎನ್ನುವ ಹಕ್ಕು ಬಿಡುಗಡೆ ಪತ್ರಕ್ಕೆ ಏನೆಂದು ಅರಿಯದವರ ಹೆಬ್ಬೆಟ್ಟು ಒತ್ತಿಸುವುದು ಅನ್ಯಾಯ, ಮುಂದೆ ವ್ಯಾಜ್ಯಕ್ಕೂ ದಾರಿ.

ಕೊನೆಗೆ, ಅಮ್ಮನಿಲ್ಲದೆ ನೋಡಿಕೊಳ್ಳುವ ಅಭ್ಯಾಸ. ಮೊದಲು ಒಂದು ರಾತ್ರಿ, ಆಮೇಲೆ ಮೂರು, ಆಮೇಲೆ ಒಂದು ವಾರ. ತಂಗಿಯನ್ನು ಬೆಂಗಳೂರಿನ ಫ್ಲ್ಯಾಟಿಗೆ ಕರೆದೊಯ್ದು ನೋಡುವುದು ತಪ್ಪು. ಅಲ್ಲಿ ಕಣವಿಲ್ಲ, ಕಾಫಿ ಹರಡುವ ಕೆಲಸವಿಲ್ಲ, ಗುರುತಿನ ನಾಯಿಯೂ ಇಲ್ಲ. ಆಗ ಆಗುವ ರಂಪವನ್ನು ಕಂಡು "ಇವಳನ್ನು ನೋಡಿಕೊಳ್ಳೋಕಾಗಲ್ಲ" ಎಂದು ತೀರ್ಮಾನಿಸಿಬಿಡುತ್ತಾರೆ. ಅವಳು ಮನೆಯಲ್ಲೇ ಇರಲಿ. ಅಣ್ಣನೋ ಅಕ್ಕನೋ ಅಲ್ಲಿಗೆ ಬರಲಿ, ಅಮ್ಮ ನೆಂಟರ ಮನೆಗೆ ಹೋಗಲಿ. ಅಮ್ಮನ ಫೋನು ದಿನಕ್ಕೆ ಒಂದೇ ಸಲ, ಸಂಜೆ. ವಾರ ಕಳೆದ ಮೇಲೆ ನೋಟ್‌ಬುಕ್ ತೆಗೆದು, ಅಮ್ಮ ಹೇಳಲು ಮರೆತದ್ದನ್ನೆಲ್ಲ ಸೇರಿಸಬೇಕು. ಎರಡು ಪುಟವಾದರೂ ತುಂಬುತ್ತದೆ.