ಡಬ್ಬಿ ಮುಚ್ಚಳದ ಮೇಲೆ ಬಿದ್ದ ಹನಿಗಳ ಲೆಕ್ಕ

ಬೆಂಗಳೂರು ವಿಜಯನಗರದ ನಮ್ಮ ಮನೆಗೆ ಬೋರ್‌ವೆಲ್ ನೀರು. ಗೀಸರ್ ಬಿಚ್ಚಿದಾಗಲೆಲ್ಲ ಕಾಯಿಲ್ ಮೇಲೆ ಬಿಳಿ ಪೊರೆ ಗಟ್ಟಿಯಾಗಿ ಕೂತಿರುತ್ತದೆ. ಸುಣ್ಣದ ಕಲ್ಲಿನ ಗುಹೆಯಲ್ಲಿ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕೋಲುಗಳೂ ಮುಖ್ಯವಾಗಿ ಅದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಇಲ್ಲಿ ಬಿಸಿಗೆ ಬೇಗ ಆಗುವ ಕೆಲಸ ಅಲ್ಲಿ ನಿಧಾನಕ್ಕೆ ಆಗುತ್ತದೆ. ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಕಾರ್ಬನ್ ಡೈ ಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ, ಸುಣ್ಣದ ಕಲ್ಲನ್ನು ಕರಗಿಸಿಕೊಂಡು ಕೆಳಗೆ ಬರುತ್ತದೆ. ಗುಹೆಯ ಗಾಳಿ ತಾಗಿದಾಗ ಆ ಅನಿಲ ಹೊರಟುಹೋಗುತ್ತದೆ, ಕರಗಿದ್ದ ಸುಣ್ಣ ಅಲ್ಲೇ ಕೂರುತ್ತದೆ.

ಬೆಂಗಳೂರಿನ ನೆಲದಲ್ಲಿ ಇಂಥ ಗುಹೆ ಹುಟ್ಟುವುದಿಲ್ಲ. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ, ಆದರೆ ಅದು ಸುಣ್ಣದ ಕಲ್ಲಿನ ಹಾಗೆ ನೀರಿಗೆ ಕರಗುವ ಕಲ್ಲಲ್ಲ. ಹಾಗಾಗಿ ನಾನು ಆಂಧ್ರದ ತಾಡಿಪತ್ರಿ ಬಸ್ ಹತ್ತುತ್ತೇನೆ. ಆ ಕಡೆಯ ಬೇಲಂ ಗುಹೆ ಎಲ್ಲರಿಗೂ ಗೊತ್ತು, ಅಳೆದಿರುವ ಉದ್ದವೇ 3,229 ಮೀಟರ್. ನಾನು ಅನುಮತಿ ಪಡೆದು ಕೆಲಸ ಮಾಡುವುದು ಆ ಸೀಮೆಯ ಒಂದು ಸಣ್ಣ ಗುಹೆಯಲ್ಲಿ. ಅದರ ಹೆಸರು ಬರೆಯುವುದಿಲ್ಲ. ಸಾವಿರಾರು ವರ್ಷ ಬೆಳೆದ ಕೋಲನ್ನು ಯಾರಾದರೂ ಸುಮ್ನೆ ಮುರಿದು ಜೇಬಿಗೆ ಹಾಕಿಕೊಂಡು ಹೋದರೆ ನನಗೆ ತಡೆಯಲಾಗದು.

ನನ್ನ ಕೆಲಸ ಹನಿ ಎಣಿಸುವುದು. ಮೇಘಾಲಯದ ಮಾಮ್ಲುಹ್ ಗುಹೆಯ ಕಲ್ಲಿನ ಪದರಗಳಲ್ಲಿ ಸುಮಾರು 4,200 ವರ್ಷ ಹಿಂದೆ ಮಳೆ ಸೊರಗಿದ ಗುರುತು ಸಿಕ್ಕಿದೆ. ಅದನ್ನೇ ಆಧಾರ ಮಾಡಿಕೊಂಡು 2018ರಲ್ಲಿ ಭೂಮಿಯ ಈಗಿನ ಕಾಲಘಟ್ಟಕ್ಕೆ ಮೇಘಾಲಯನ್ ಎಂದು ಹೆಸರಿಟ್ಟರು. ಹಳೆಯ ಮಳೆಯನ್ನು ಕಲ್ಲಿನಲ್ಲಿ ಓದಬೇಕಾದರೆ ಇವತ್ತಿನ ಮಳೆ ಹನಿಯಾಗಿ ಇಳಿಯಲು ಎಷ್ಟು ದಿನ ಬೇಕು ಅಂತ ಗೊತ್ತಿರಬೇಕು, ಅಲ್ವಾ? ಒಂದೊಂದು ಗುಹೆಯದು ಒಂದೊಂದು ಲೆಕ್ಕ.

ಹನಿ ಎಣಿಸುವ ಯಂತ್ರ ಕೊಳ್ಳಲು ದುಬಾರಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್‌ಗೆ ಹೋಗಿ ಬಡಿದರೆ ವಿದ್ಯುತ್ ಮಿಡಿಯುವ ಪೀಜೋ ಬಿಲ್ಲೆ, ಸಣ್ಣ ಸರ್ಕ್ಯೂಟ್ ಬೋರ್ಡ್, ಮೆಮೊರಿ ಕಾರ್ಡ್ ತಂದೆ. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಒಳಗೆ ಬಿಲ್ಲೆಯನ್ನು ಅಂಟಿಸಿದೆ. ಹನಿ ಮುಚ್ಚಳಕ್ಕೆ ಬಡಿದರೆ ಬಿಲ್ಲೆಯಲ್ಲಿ ಒಂದು ಮಿಡಿತ, ಬೋರ್ಡ್‌ನಲ್ಲಿ ಅದರ ಸಮಯ. ಮೊದಲ ಸಲ ಗುಹೆಯ ತೇವ ಒಳಗೆ ನುಗ್ಗಿ ಬೋರ್ಡ್ ಹಸಿರುಗಟ್ಟಿತು. ಆಮೇಲೆ ತಂತಿ ಹೊರಬರುವ ತೂತಿಗೆ ಎಂ-ಸೀಲ್ ಮೆತ್ತಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟೆ. ಅಲ್ಲಿಂದ ಆ ತೊಂದರೆ ಇಲ್ಲ.

ಎರಡನೇ ಸಲ ತಂದ ಲೆಕ್ಕ ನೋಡಿ ನನಗೆ ನಿದ್ದೆ ಬರಲಿಲ್ಲ. ದಿನಾ ಸಂಜೆ ಆರೂವರೆ ಹೊತ್ತಿಗೆ ಹನಿ ಜಾಸ್ತಿ. ಬೆಳಗಿನ ಜಾವ ಐದಕ್ಕೆ ಮತ್ತೆ ಜಾಸ್ತಿ. ನಮ್ಮ ಸೀಮೆಯಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಅದೇ ನೀರನ್ನು ಒತ್ತುತ್ತಿದೆ ಅಂದುಕೊಂಡೆ. ಒತ್ತಡ ಏರುವುದು ಬೆಳಿಗ್ಗೆ, ರಾತ್ರಿ ಹತ್ತರ ಆಸುಪಾಸು, ಹೊತ್ತು ಹೊಂದುವುದಿಲ್ಲ ಅನ್ನುವುದನ್ನು ಮನಸ್ಸು ಒಪ್ಪಲೇ ಇಲ್ಲ. ಮೂರು ವಾರ ಗ್ರಾಫ್ ಬರೆದೆ. ಕೊನೆಗೆ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಗೆಳತಿಗೆ ತೋರಿಸಿದೆ. ಅವಳು ಬಾವಲಿಗಳ ಬಗ್ಗೆ ಓದಿದವಳು.

"ಇದು ಬಾವಲಿ ಹೊರಗೆ ಹೋಗೋ ಹೊತ್ತು, ವಾಪಸ್ ಬರೋ ಹೊತ್ತು ಕಣೇ. ಮುಚ್ಚಳ ನೋಡಿದ್ಯಾ?"

ನೋಡಿರಲಿಲ್ಲ. ಮುಂದಿನ ಸಲ ಹೋದಾಗ ಕೆಂಪು ದೀಪದಲ್ಲಿ ಬಗ್ಗಿ ನೋಡಿದೆ. ಮುಚ್ಚಳದ ತುಂಬ ಅಕ್ಕಿಕಾಳಿನಷ್ಟು ಸಣ್ಣ ಕಪ್ಪು ಹಿಕ್ಕೆ. ಬೆರಳಲ್ಲಿ ಉಜ್ಜಿದರೆ ಪುಡಿಯಾಯಿತು, ಹುಳುಗಳ ರೆಕ್ಕೆಯ ಚೂರು ಮಿನುಗಿತು. ಪಕ್ಕದ ಹಿಕ್ಕೆ ರಾಶಿಯಲ್ಲಿ ಸಣ್ಣ ಹುಳುಗಳು ಹರಿದಾಡುತ್ತಿದ್ದವು, ಅವುಗಳ ಮೇಲೆ ಒಂದು ಜೇಡ ಹೊಂಚು ಹಾಕಿತ್ತು. ಬಿಸಿಲೇ ಬೀಳದ ಆ ಜಾಗದಲ್ಲಿ ಹಸಿರು ಗಿಡ ಬೆಳೆಯುವುದಿಲ್ಲ. ರಾತ್ರಿಯೆಲ್ಲ ಹೊಲದ ಮೇಲೆ ಹುಳು ಹಿಡಿದು ತಿಂದ ಬಾವಲಿಗಳೇ ಹೊರಗಿನ ಊಟವನ್ನು ಒಳಗೆ ತಂದು ಸುರಿಯುತ್ತವೆ. ನಾನು ನೀರಿನ ಲೆಕ್ಕ ಅಂದುಕೊಂಡಿದ್ದು ಆ ಊಟದ ಲೆಕ್ಕವಾಗಿತ್ತು. ಬೇಜಾರಿಗಿಂತ ಖುಷಿಯೇ ಜಾಸ್ತಿ ಆಯಿತು.

ಆಮೇಲೆ ಎರಡು ಬದಲಾವಣೆ ಮಾಡಿದೆ. ಡಬ್ಬಿಯನ್ನು ಬಾವಲಿಗಳು ನೇತಾಡುವ ಜಾಗದಿಂದ ದೂರ ಸರಿಸಿದೆ. ಬಡಿತದ ಜೋರನ್ನೂ ಬರೆದಿಡುವಂತೆ ಬೋರ್ಡ್ ತಿದ್ದಿದೆ. ಒಂದೇ ಎತ್ತರದಿಂದ ಬೀಳುವ ಹನಿ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಬಡಿಯುತ್ತದೆ. ಬೇರೆ ಏನೇ ಬಿದ್ದರೂ ಗೊತ್ತಾಗುತ್ತದೆ. ಬಾವಲಿಗಳು ಮರಿ ಹಾಕುವ ಕಾಲದಲ್ಲಿ ನಾನು ಒಳಗೆ ಕಾಲಿಡುವುದಿಲ್ಲ. ಹೆದರಿ ಎದ್ದರೆ ಮರಿ ಕೆಳಗೆ ಬೀಳುತ್ತದೆ. ಅಷ್ಟು ದಿನದ ಲೆಕ್ಕವನ್ನು ಡಬ್ಬಿಯೇ ನೋಡಿಕೊಳ್ಳಲಿ ಅಂತ ದೊಡ್ಡ ಬ್ಯಾಟರಿ ಹಾಕಿದ್ದೇನೆ.

ಈ ವರ್ಷ ಜುಲೈನ ಮೊದಲ ಜೋರು ಮಳೆಗೆ ಹನಿ ಕದಲಲೇ ಇಲ್ಲ. ಬಾಯಾರಿದ ಮಣ್ಣು ಎಲ್ಲ ಕುಡಿದಿರಬೇಕು. ಸೆಪ್ಟೆಂಬರ್‌ನ ಅದಕ್ಕಿಂತ ಸಣ್ಣ ಮಳೆಗೆ ಎರಡನೇ ದಿನವೇ ವೇಗ ಹೆಚ್ಚಿತು. ಈಗ ಅದೇ ಹನಿಯ ಕೆಳಗೆ ತೂಕ ಮಾಡಿದ ಗಾಜಿನ ತುಂಡು ಇಟ್ಟು ಬಂದಿದ್ದೇನೆ. ಮುಂದಿನ ವರ್ಷ ಅದನ್ನು ತಂದು ಒಣಗಿಸಿ ಮತ್ತೆ ತೂಗಬೇಕು.