ಶಿವರಾತ್ರಿ ಕಳೆದ ಮೇಲೆ ಕೈತೋಟಕ್ಕೆ ಏನು ಹಾಕಬೇಕು

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೊರಟುಹೋಗುತ್ತದೆ ಅನ್ನುವುದು ನಮ್ಮ ಕಡೆಯ ಮಾತು. ಬಳ್ಳಿ ತರಕಾರಿ ಬಿತ್ತುವವರಿಗೂ ಅದೇ ಗುರುತು. ಬೆಂಗಳೂರು, ಮೈಸೂರು, ತುಮಕೂರು, ಹಾಸನದ ಸೀಮೆಯಲ್ಲಿ ಶಿವರಾತ್ರಿಯಿಂದ ಯುಗಾದಿವರೆಗೆ ಸಿಗುವ ನಾಲ್ಕೂವರೆ ವಾರ ಹೀರೆ, ಹಾಗಲ, ಪಡವಲ, ಸೋರೆ, ಸೌತೆ, ಕುಂಬಳಕ್ಕೆ ಹೇಳಿ ಮಾಡಿಸಿದ ಕಾಲ. ಮಣ್ಣು ಬೆಚ್ಚಗಾಗಿರುತ್ತದೆ, ಆದರೆ ರಾತ್ರಿ ಇನ್ನೂ ತಂಪು. ಬೀಜ ಬೇಗ ಮೊಳೆಯುತ್ತದೆ, ಬಿಸಿಲು ಜೋರಾಗುವ ಹೊತ್ತಿಗೆ ಬೇರು ಆಳಕ್ಕೆ ಇಳಿದಿರುತ್ತದೆ. ಹೂ ಬಿಡುವ ಏಪ್ರಿಲ್ ಕೊನೆಗೆ ಮಾವಿನ ಮಳೆಯೂ ಬರುತ್ತದೆ. ‘ಭರಣಿ ಮಳೆ ಧರಣಿಯೆಲ್ಲ ಬೆಳೆ’ ಅನ್ನುವ ಆ ಮಳೆಗೆ ನಿಮ್ಮ ಬಳ್ಳಿ ಚಪ್ಪರ ಮುಟ್ಟಿರಬೇಕು. ಯುಗಾದಿಯ ಹೋಳಿಗೆ ತಿಂದು ನಿಧಾನವಾಗಿ ಬಿತ್ತೋಣ ಅಂದುಕೊಂಡರೆ ಎರಡೆಲೆಯ ಎಳೆ ಸಸಿ ಏಪ್ರಿಲ್ ಬಿಸಿಲಿಗೆ ಸಿಕ್ಕಿಕೊಳ್ಳುತ್ತದೆ. ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡಿದ್ದೇವೆ. ತಾರಸಿಯ ಮೇಲೆ ಅದಕ್ಕಿಂತಲೂ ಹೆಚ್ಚು.

ಈಗ ಹಾಕಬಾರದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎಲೆಕೋಸು, ಹೂಕೋಸು, ಬಟಾಣಿ, ಕ್ಯಾರೆಟ್ಟು ಬೇಡ. ಸಸಿ ಸಿಕ್ಕರೂ ತರಬೇಡಿ, ಗೆಡ್ಡೆಯೂ ಕಟ್ಟುವುದಿಲ್ಲ, ಕಾಯಿಯೂ ಕಟ್ಟುವುದಿಲ್ಲ. ಕೊತ್ತಂಬರಿ ನಾಲ್ಕು ಎಲೆ ಬಿಡುವಷ್ಟರಲ್ಲಿ ಹೂವಿಗೆ ಹೋಗುತ್ತದೆ. ಬೇಕೇ ಬೇಕು ಅಂದರೆ ನೆರಳಲ್ಲಿ ಒಂದು ತಟ್ಟೆಯಷ್ಟು ಮಾತ್ರ ಹಾಕಿ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಗಿಡ. ಈಗ ಬಿತ್ತಿದರೆ ಬರೀ ಹಂಬು ಹಬ್ಬುತ್ತದೆ. ಅದರ ಜಾಗಕ್ಕೆ ಅಲಸಂದೆ ಅಥವಾ ಗೋರಿಕಾಯಿ ಹಾಕಿ, ಎರಡೂ ಬಿಸಿಲಿಗೆ ಜಗ್ಗುವುದಿಲ್ಲ.

ಬೀಜಕ್ಕೆ ಬರೋಣ. ಹಾಗಲದ ಸಿಪ್ಪೆ ಗಟ್ಟಿ. ಉಗುರು ಕತ್ತರಿಯಿಂದ ಚೂಪು ತುದಿಯ ಅಂಚನ್ನು ಒಂಚೂರು, ಒಳಗಿನ ಬೇಳೆಗೆ ತಾಗದ ಹಾಗೆ ಕತ್ತರಿಸಿ, 24 ಗಂಟೆ ನೀರಲ್ಲಿ ನೆನೆಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬಿಳಿ ಮೊಳಕೆ ಇಣುಕಿದ ದಿನವೇ ಮಣ್ಣಿಗೆ ಹಾಕಿ. ಹೀರೆ, ಸೋರೆಗೆ 12 ಗಂಟೆ ಸಾಕು, ಬೆಂಡೆಗೆ ಒಂದು ರಾತ್ರಿ. ಅದಕ್ಕಿಂತ ಹೆಚ್ಚು ಹೊತ್ತು ನೀರಲ್ಲೇ ಬಿಟ್ಟರೆ ಉಸಿರು ಕಟ್ಟಿ ಕೊಳೆಯುತ್ತದೆ. ಒಂದು ಅಂಗುಲ ಆಳ ಸಾಕು. ಬೆಂಡೆ ನಾಲ್ಕೈದು ದಿನದಲ್ಲಿ, ಹಾಗಲ ವಾರ ಹತ್ತು ದಿನದಲ್ಲಿ ತಲೆ ಎತ್ತುತ್ತದೆ. ಬಳ್ಳಿ ತರಕಾರಿಗೆ ಬೇರು ಅಲುಗಿದರೆ ಆಗದು. ಬೆಳೆಯುವ ಜಾಗದಲ್ಲೇ ಬಿತ್ತಿ, ಇಲ್ಲವೇ ಕಾಗದದ ಲೋಟದಲ್ಲಿ ಬಿತ್ತಿ ತಳ ಹರಿದು ಲೋಟದ ಸಮೇತ ನೆಡಿ. ಮೆಣಸಿನಕಾಯಿ, ಬದನೆ, ಟೊಮ್ಯಾಟೊ ಮಾತ್ರ ಸಸಿ ಮಾಡಿ ಕೀಳಬೇಕಾದವು. ಅವನ್ನು ಸಂಜೆ ಹೊತ್ತು ನಾಟಿ ಮಾಡಿ.

ಕುಂಡಕ್ಕೆ ಮಣ್ಣು ಕಲಸುವಾಗ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯನ್ನು ನೆನೆಸಿ ಎರಡು ಸಲ ನೀರು ಬಸಿದೇ ಬಳಸಿ, ಅದರಲ್ಲಿ ಉಪ್ಪು ಇರುತ್ತದೆ. ಹಸಿ ಸಗಣಿ ಯಾವ ಕಾರಣಕ್ಕೂ ಬೇಡ, ಕಳಿಯುವಾಗ ಬಿಸಿಯಾಗಿ ಬೇರು ಸುಡುತ್ತದೆ, ಗೊಣ್ಣೆಹುಳವೂ ಅದರ ಜೊತೆಗೇ ಬರುತ್ತದೆ. ಬದನೆ, ಮೆಣಸಿನಕಾಯಿಗೆ 12 ಅಂಗುಲದ ಚೀಲ ಸಾಕು. ಬಳ್ಳಿಗೆ 15 ಅಂಗುಲಕ್ಕಿಂತ ಚಿಕ್ಕದು ಹಾಕಿದರೆ ಕಾಯಿ ಕಟ್ಟುವ ಹೊತ್ತಿಗೆ ದಿನಕ್ಕೆ ಎರಡು ಸಲ ನೀರು ಕೇಳುತ್ತದೆ. ಅಂಥ ಚೀಲ ನೀರು ಕುಡಿದರೆ 40 ಕಿಲೊ ಹತ್ತಿರ ತೂಗುತ್ತದೆ. ಆದ್ದರಿಂದ ತಾರಸಿಯ ನಡುವೆ ಗುಂಪಾಗಿ ಇಡಬೇಡಿ, ಗೋಡೆ ಅಥವಾ ತೊಲೆ ಇರುವ ಸಾಲಿನಲ್ಲೇ ಇಡಿ.

ಬೇಸಿಗೆಯಲ್ಲಿ ತಾರಸಿ ಗಿಡ ಹಾಳಾಗುವುದು ಬಹಳ ಸಲ ತಲೆ ಮೇಲಿನ ಬಿಸಿಲಿನಿಂದಲ್ಲ, ಬುಡದ ಕಾವಿನಿಂದ. ಕಾಂಕ್ರೀಟು ಕಾದು ಕುಂಡದ ತಳ ಬೇಯುತ್ತದೆ, ಬೇರಿನ ತುದಿ ಸಾಯುತ್ತದೆ, ಎಲೆ ಬಾಡುತ್ತದೆ. ನೋಡಿದವರು ನೀರು ಸಾಲದು ಅಂತ ಇನ್ನಷ್ಟು ಸುರಿಯುತ್ತಾರೆ, ಉಳಿದ ಬೇರೂ ಕೊಳೆಯುತ್ತದೆ. ಕುಂಡವನ್ನು ಎರಡು ಇಟ್ಟಿಗೆ ಮೇಲೆ ಕೂರಿಸಿ, ಅಡಿಯಲ್ಲಿ ಗಾಳಿ ಆಡಲಿ. ಕಪ್ಪು ಚೀಲ, ಕಪ್ಪು ಬಕೆಟ್ಟಿನ ಪಡುವಣ ಮಗ್ಗುಲಿಗೆ ಗೋಣಿತಾಟು ಸುತ್ತಿ ಅಥವಾ ಸುಣ್ಣ ಬಳಿಯಿರಿ. ಮಣ್ಣಿನ ಮೇಲೆ ಎರಡು ಅಂಗುಲ ದಪ್ಪಕ್ಕೆ ತರಗೆಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗದಿರಲಿ. ಹೊಂಗೆ, ಮಾವಿನ ಎಲೆ ಈ ಕಾಲದಲ್ಲಿ ಬೀದಿಯಲ್ಲೇ ಬೇಕಾದಷ್ಟು ಬಿದ್ದಿರುತ್ತದೆ. ಅದನ್ನು ಸುಡುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ನೀರು ಬೆಳಗ್ಗೆ ಏಳರ ಒಳಗೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ತೇವ ತಾಗಿದರೆ ಅಂದು ಬೇಡ. ಮಧ್ಯಾಹ್ನ ಕುಂಬಳ, ಸೋರೆಯ ದೊಡ್ಡ ಎಲೆ ಜೋಲುವುದು ಸಹಜ. ಸಂಜೆ ಆರಕ್ಕೆ ಎದ್ದು ನಿಂತರೆ ಗಿಡ ಚೆನ್ನಾಗಿದೆ, ಸಂಜೆಗೂ ಏಳದಿದ್ದರೆ ಆಗ ಬುಡ ನೋಡಿ. ಹಾಕಿದಾಗ ತಳದ ತೂತಿನಿಂದ ಸ್ವಲ್ಪ ಹೊರಬರುವಷ್ಟು ಹಾಕಿ. ದಿನಾ ಒಂದೊಂದು ಲೋಟ ಚಿಮುಕಿಸಿದರೆ ಬೇರು ಮೇಲೆ ಮೇಲೆಯೇ ಹರಡಿ ಮೊದಲ ಬಿಸಿಲಿಗೇ ಸೊರಗುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಅಕ್ಕಿ ಬೇಳೆ ತೊಳೆದ ನೀರು, ಸೊಪ್ಪು ತರಕಾರಿ ತೊಳೆದ ನೀರು ಹಿಡಿದಿಟ್ಟರೆ ಹತ್ತು ಹನ್ನೆರಡು ಕುಂಡಕ್ಕೆ ದೊಡ್ಡ ಆಸರೆ. ಪಾತ್ರೆ ಸೋಪಿನ ನೀರು ಬೇಡ. ಫಿಲ್ಟರ್ ಯಂತ್ರ ಹೊರಬಿಡುವ ನೀರಲ್ಲಿ ಲವಣ ಜಾಸ್ತಿ, ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಹೂ ಬಿಡಲು ಶುರುವಾದ ಮೇಲೆ ‘ಹೂ ತುಂಬ ಇದೆ, ಕಾಯಿ ಒಂದೂ ಇಲ್ಲ’ ಅನ್ನುವ ದೂರು ಎಲ್ಲರದೂ. ಮೊದಲ ವಾರ ಹತ್ತು ದಿನ ಬರುವುದು ಗಂಡು ಹೂವೇ. ಹೆಣ್ಣು ಹೂವಿನ ಹಿಂದೆ ಪುಟಾಣಿ ಕಾಯಿಯ ಆಕಾರ ಇರುತ್ತದೆ, ಗಂಡಿಗೆ ಬರೀ ತೊಟ್ಟು. ಹೀರೆಯಲ್ಲಿ ಗಂಡು ಹೂ ಗೊಂಚಲಲ್ಲಿ, ಹೆಣ್ಣು ಒಂಟಿಯಾಗಿ ಬರುತ್ತದೆ. ಸೋರೆಯಲ್ಲಿ ಹೆಣ್ಣು ಹೂ ಹೆಚ್ಚಾಗಿ ಬರುವುದು ಪಕ್ಕದ ಕವಲುಗಳಲ್ಲಿ. ಆದ್ದರಿಂದ ಬಳ್ಳಿ ಚಪ್ಪರ ಮುಟ್ಟಿದ ಕೂಡಲೇ ತುದಿಯ ಕುಡಿ ಚಿವುಟಿ. ಗೊಬ್ಬರ ಅತಿಯಾದರೆ, ಅದರಲ್ಲೂ ಯೂರಿಯಾ ಕಂಡರೆ, ಎಲೆಯೂ ಗಂಡು ಹೂವೂ ಹೆಚ್ಚಿ ಹೆಣ್ಣು ಹೂ ತಡವಾಗುತ್ತದೆ. ಬಿಸಿಲು ಏರಿದಾಗಲೂ ಹಾಗೆಯೇ.

ಹೆಣ್ಣು ಹೂ ಬಂದು, ಹೀಚು ಮೂರು ದಿನದಲ್ಲಿ ಹಳದಿಯಾಗಿ ಉದುರಿದರೆ ಪರಾಗ ಸೇರಲಿಲ್ಲ ಎಂದರ್ಥ. ನಾಲ್ಕನೇ ಮಹಡಿಗೆ ಜೇನು ಅಪರೂಪ, ಹಾಗಾಗಿ ನೀವೇ ಕೈ ಹಾಕಬೇಕು. ಇದರಲ್ಲಿ ಹೊತ್ತು ಮುಖ್ಯ. ಕುಂಬಳ, ಸೌತೆ, ಹಾಗಲದ ಹೂ ಅರಳುವುದು ಬೆಳಗ್ಗೆ, ಒಂಬತ್ತರ ಒಳಗೆ ಕೆಲಸ ಮುಗಿಸಿ. ಹೀರೆ, ಸೋರೆ, ಪಡವಲ ಅರಳುವುದು ಸಂಜೆ, ಅವಕ್ಕೆ ದೀಪ ಹಚ್ಚುವ ಹೊತ್ತಿಗೆ ಹೋಗಿ. ಬೆಳಗ್ಗೆ ಹೀರೆ ಹೂವಿನ ಹತ್ತಿರ ಹೋಗಿ ನಿಂತರೆ ಮುದುಡಿದ ಹೂ ಬಿಟ್ಟು ಬೇರೇನೂ ಸಿಗದು. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ದಳ ತೆಗೆದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ನಾಲ್ಕು ಸಲ ಸವರಿ. ಒಂದು ಗಂಡು ಹೂ ಎರಡು ಮೂರು ಹೆಣ್ಣು ಹೂವಿಗೆ ಸಾಕು.

ಹೀಚು ಬೆರಳುದ್ದ ಬೆಳೆದು ಆಮೇಲೆ ಸೊಟ್ಟಗಾಗಿ ಕೊಳೆತರೆ ಅದು ಬೇರೆ ರೋಗ, ಹಣ್ಣುನೊಣದ್ದು. ಸಿಪ್ಪೆ ಮೇಲೆ ಸೂಜಿ ಚುಚ್ಚಿದಂಥ ಗುರುತು, ಅದರಿಂದ ಅಂಟು ಒಸರಿರುತ್ತದೆ, ಸೀಳಿದರೆ ಬಿಳಿ ಹುಳ. ಹುಳ ಒಳಗಿದ್ದ ಮೇಲೆ ಮೇಲಿಂದ ಏನು ಸಿಂಪಡಿಸಿಯೂ ಪ್ರಯೋಜನವಿಲ್ಲ. ಪರಾಗ ಸೇರಿ ದಳ ಬಾಡಿದ ಎರಡನೇ ದಿನವೇ ಹೀಚಿಗೆ ತೆಳು ಬಟ್ಟೆ ಅಥವಾ ಪತ್ರಿಕೆ ಕಾಗದದ ಚೀಲ ಕಟ್ಟಿ. ಕೊಳೆತದ್ದನ್ನು ಗೊಬ್ಬರದ ಗುಂಡಿಗೆ ಎಸೆದರೆ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ವಾರ ಬಿಸಿಲಿಗಿಡಿ. ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕೊಳ್ಳುವಾಗ ಕ್ಯೂ-ಲೂರ್ ಎಂಬ ಸೆಳೆಮದ್ದು ಇರುವುದನ್ನೇ ಕೇಳಿ. ಮಾವಿಗೆ ಮಾರುವ ಮೀಥೈಲ್ ಯೂಜಿನಾಲ್ ಬಲೆಗೆ ಬಳ್ಳಿಯ ನೊಣ ಬರುವುದಿಲ್ಲ.

ಎಳೆ ಕುಂಬಳ, ಸೌತೆಯ ಎಲೆ ತೂತು ಮಾಡುವ ಕೆಂಪು ದುಂಬಿಗೆ ಬೆಳಗಿನ ಇಬ್ಬನಿ ಇರುವಾಗ ಸೌದೆ ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು ಉದುರಿಸಿ. ನಾಲ್ಕೈದು ಎಲೆ ಆದ ಮೇಲೆ ಗಿಡವೇ ತಡೆದುಕೊಳ್ಳುತ್ತದೆ. ಮೆಣಸಿನ ಗಿಡದ ಎಲೆ ದೋಣಿಯಂತೆ ಮೇಲಕ್ಕೆ ಮಡಚಿದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮಡಚಿ ತೊಟ್ಟು ಉದ್ದವಾದರೆ ನುಸಿ. ಎರಡಕ್ಕೂ ಮೊದಲು ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹೊಡೆಯಿರಿ. ಆಮೇಲೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಅದು ಬೆರೆಯಲು ಅರ್ಧ ಚಮಚ ಸೋಪಿನ ದ್ರವ, ವಾರಕ್ಕೊಮ್ಮೆ ಬಿಸಿಲು ಇಳಿದ ಮೇಲೆಯೇ ಸಿಂಪಡಿಸಿ. ಮಧ್ಯಾಹ್ನ ಹೊಡೆದರೆ ಎಣ್ಣೆಗೆ ಎಲೆ ಸುಡುತ್ತದೆ. ಟೊಮ್ಯಾಟೊ ಎಲೆ ಮುರುಟಿ ಗಿಡ ಕುಳ್ಳಾದರೆ ಬಿಳಿನೊಣ ತಂದ ನಂಜು (ವೈರಸ್), ಆ ಗಿಡ ಉಳಿಯದು, ಕಿತ್ತು ಹೊರಹಾಕಿ. ಈ ಕಾಲಕ್ಕೆ ಟೊಮ್ಯಾಟೊ ಹಾಕುವುದಾದರೆ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಒಳ್ಳೆಯದು, ಅದು ಆ ನಂಜು ತಡೆಯುತ್ತದೆ. ಬೆಂಡೆಯಲ್ಲಿ ಅದೇ ಸಂಸ್ಥೆಯ ಅರ್ಕಾ ಅನಾಮಿಕಾ. ಏನೇ ಆದರೂ ಮೇ ತಿಂಗಳ ಸೆಕೆಯಲ್ಲಿ ಟೊಮ್ಯಾಟೊ ಹೂ ಉದುರಿಯೇ ಉದುರುತ್ತದೆ, ಅದಕ್ಕೆ ಔಷಧಿ ಹುಡುಕಬೇಡಿ. ರಾತ್ರಿ ತಂಪಾದರೆ ತಾನೇ ಕಚ್ಚುತ್ತದೆ.

ದಂಟು, ಹರಿವೆ, ಬಸಳೆಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹರಿವೆ ಬೀಜ ಸಾಸಿವೆಗಿಂತ ಸಣ್ಣ, ಒಂದು ಪಾಲಿಗೆ ನಾಲ್ಕು ಪಾಲು ಒಣ ಮರಳು ಬೆರೆಸಿ ಚೆಲ್ಲಿ. ಇರುವೆ ಹೊತ್ತೊಯ್ಯದಂತೆ ಸುತ್ತ ಅರಿಶಿನ ಪುಡಿ ಉದುರಿಸಿ. ತಿಂಗಳೊಳಗೆ ಹುಳಿಗೆ ಸೊಪ್ಪು ಸಿಗುತ್ತದೆ. ಹದಿನೈದು ದಿನಕ್ಕೊಂದು ಪಾತಿ ಬಿತ್ತುತ್ತ ಹೋಗಿ.

ರಾಯಚೂರು, ಕಲಬುರಗಿ ಕಡೆಯವರು ಈ ಲೆಕ್ಕ ಹಿಡಿಯಬಾರದು. ಅಲ್ಲಿ ಏಪ್ರಿಲ್‌ನಲ್ಲೇ 40 ಡಿಗ್ರಿ ದಾಟುತ್ತದೆ, ಆದ್ದರಿಂದ ಬಿತ್ತನೆ ಜನವರಿ ಕೊನೆಗೇ ಆಗಬೇಕು, ಏಪ್ರಿಲ್‌ಗೆ ಶೇಕಡಾ 50ರ ನೆರಳು ಬಲೆ ಕಟ್ಟಬೇಕು. ಕರಾವಳಿಯವರಿಗೆ ಇನ್ನೊಂದು ಹಂಗಾಮು ಇದೆ. ಮಳೆಗಾಲದ ಬೆಂಡೆ, ಹೀರೆ, ಮುಳ್ಳುಸೌತೆಗೆ ಅವರು ಮೇ ಕೊನೆಗೆ, ತುಳುನಾಡಿನವರು ಆಚರಿಸುವ ಪತ್ತನಾಜೆಯ ಹೊತ್ತಿಗೆ ಬೀಜ ಹಾಕಿ ಜೂನ್ ಮಳೆ ಜೋರಾಗುವ ಮುಂಚೆ ಸಸಿ ಎಬ್ಬಿಸಿಕೊಳ್ಳುತ್ತಾರೆ.

ಮೊದಲ ಮಳೆ ಗಾಳಿ ಗುಡುಗಿನ ಜೊತೆ ಬರುವುದರಿಂದ ಏಪ್ರಿಲ್ ಮಧ್ಯಕ್ಕೆ ಚಪ್ಪರದ ಗಂಟುಗಳನ್ನು ಒಮ್ಮೆ ಬಿಗಿ ಮಾಡಿ, ಬದನೆ, ಮೆಣಸಿಗೆ ಕೋಲು ಕೊಡಿ. ಆಲಿಕಲ್ಲು ಬಿದ್ದು ಎಲೆ ಹರಿದರೆ ಗಾಬರಿ ಬೇಡ, ಮುರಿದ ಕುಡಿ ಕತ್ತರಿಸಿ ಒಂದು ಹಿಡಿ ಗೊಬ್ಬರ ಕೊಟ್ಟರೆ ಹತ್ತು ದಿನದಲ್ಲಿ ಚಿಗುರುತ್ತದೆ. ಮಣ್ಣು ಆ ಮಳೆಗೆ ನೆನೆದ ಮೇಲೆ ಶುಂಠಿ, ಅರಿಶಿನ, ಸುವರ್ಣಗೆಡ್ಡೆ ಹೂಳಿ.

ಬೀಜಕ್ಕೆ ಬಿಡುವ ಕಾಯಿಯನ್ನು ಗಿಡ ಗಟ್ಟಿಯಾಗಿರುವಾಗಲೇ, ಎರಡನೆಯ ಅಥವಾ ಮೂರನೆಯ ಫಸಲಿನಲ್ಲಿ ಆರಿಸಿ ದಾರ ಕಟ್ಟಿ ಗುರುತು ಮಾಡಿ. ಹೀರೆ ಬಳ್ಳಿಯಲ್ಲೇ ಒಣಗಿ ಗಲಗಲ ಅನ್ನಬೇಕು, ಹಾಗಲ ಹಣ್ಣಾಗಿ ಕಿತ್ತಳೆ ಬಣ್ಣಕ್ಕೆ ತಿರುಗಬೇಕು. ಹಾಗಲದ ಬೀಜದ ಕೆಂಪು ತಿರುಳು ತೊಳೆದು ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬಳ್ಳಿ ಬೀಜ ಮೂರು ವರ್ಷ, ಬೆಂಡೆ ಎರಡು ವರ್ಷ ಮೊಳೆಯುತ್ತದೆ. ಡಬ್ಬಿ ಮೇಲೆ ತಿಂಗಳು, ವರ್ಷ ಬರೆಯಿರಿ. ಅರ್ಕಾ ರಕ್ಷಕ್‌ನಂಥ ಹೈಬ್ರಿಡ್‌ಗಳ ಬೀಜ ಎತ್ತಿಡಬೇಡಿ, ಮುಂದಿನ ತಲೆಗೆ ತಾಯಿಯ ಗುಣ ಬರುವುದಿಲ್ಲ, ಪ್ರತಿ ಸಲ ಹೊಸದಾಗಿಯೇ ಕೊಳ್ಳಿ.