ಬೆಲ್ಟ್ ಬಲಕ್ಕೆ ಸರಿಯುವುದನ್ನು ನಿಲ್ಲಿಸಿದ್ದು ಹೀಗೆ
ಗೋವಾದ ವಾಸ್ಕೋ ಬಳಿಯ ಬಂದರು ಧಕ್ಕೆಯಲ್ಲಿ ಅದಿರು ಸಾಗಿಸುವ ನಮ್ಮ ಕನ್ವೇಯರ್ ಬೆಲ್ಟ್ ಮಳೆಗಾಲವಿಡೀ ಟೇಲ್ ಪುಲ್ಲಿಯ (ಹಿಂತುದಿಯಲ್ಲಿ ಬೆಲ್ಟ್ ತಿರುಗುವ ದೊಡ್ಡ ಉರುಳೆ) ಹತ್ತಿರ ಬಲಕ್ಕೆ ಸರಿದು ಚೌಕಟ್ಟಿಗೆ ಉಜ್ಜುತ್ತಿತ್ತು. ಅಂಚು ನೂಲುನೂಲಾಗಿ ಎದ್ದಿತ್ತು. ನೆಲದಡಿಯ ಗಣಿಯಲ್ಲಾದರೆ ಈ ಉಜ್ಜಾಟದ ಬಿಸಿಯೇ ಬೆಂಕಿಗೆ ಸಾಕು, ಹೊಗೆ ಗಾಳಿಯ ದಾರಿಯಲ್ಲೇ ಜನರತ್ತ ಹರಿಯುತ್ತದೆ.

ಬಿಗಿತ ಹೆಚ್ಚಿಸಿದೆವು, ಟೇಲ್ ಪುಲ್ಲಿಯನ್ನೇ ಓರೆ ಮಾಡಿದೆವು, ಹೊಸ ರೋಲರ್ ಹಾಕಿದೆವು. ಎರಡು ದಿನಕ್ಕೆ ಮತ್ತೆ ಅದೇ.

ಬೆಲ್ಟಿನ ಯಾವ ಭಾಗ ಬಂದರೂ ಒಂದೇ ಜಾಗದಲ್ಲಿ ಸರಿಯುತ್ತಿತ್ತು. ಹಾಗಾದರೆ ದೋಷ ಬೆಲ್ಟಿನ ತುದಿಗಳನ್ನು ಕೂಡಿಸಿದ ಜೋಡಣೆಯದಲ್ಲ, ಆ ಜಾಗದ್ದು.

ಮೊದಲು ವಿದ್ಯುತ್ ಕಡಿದು ನನ್ನ ಬೀಗ ಹಾಕಿದೆ, ಕೀಲಿ ನನ್ನ ಜೇಬಿನಲ್ಲಿ. ಬೆಲ್ಟನ್ನು ಬಿಗಿಯಾಗಿ ಎಳೆದಿಡುವ ತೂಗುಭಾರಕ್ಕೆ ಆಧಾರ ಕೊಟ್ಟೆ. ಸ್ಟಾರ್ಟ್ ಗುಂಡಿ ಒತ್ತಿ, ಚಾಲೂ ಆಗದ್ದನ್ನು ಖಚಿತಪಡಿಸಿಕೊಂಡೆ. ಓಡುವ ಬೆಲ್ಟಿನಡಿ ಸಲಾಕೆ ಹಾಕಿ ಕೆರೆಯಲೇಬಾರದು. ಕೈ ಸಮೇತ ಎಳೆದುಕೊಳ್ಳುತ್ತದೆ.

ಕೆಳಗಿನ ರೋಲರ್‌ಗಳ ಒಂದೇ ಪಕ್ಕಕ್ಕೆ ಕೆಂಪು ಕೆಸರು ರೊಟ್ಟಿಯಂತೆ ಗಟ್ಟಿಯಾಗಿ ಮೆತ್ತಿತ್ತು. ಅದೇ ಮೂಲ. ಪೂರ್ತಿ ಕೆರೆದು, ಬೆಲ್ಟಿಗೆ ಅಂಟಿದ್ದನ್ನು ಕೆರೆಯುವ, ಸವೆದಿದ್ದ ಸ್ಕ್ರೇಪರ್ ಬ್ಲೇಡ್ ಬದಲಿಸಿ, ಟೇಲ್ ಪುಲ್ಲಿಯನ್ನು ಮತ್ತೆ ನೇರಕ್ಕೆ ತಂದೆ. ಉಳಿದ ಅಲ್ಪ ಓರೆಗೆ, ಸರಿಯುವ ಜಾಗಕ್ಕಿಂತ ಹಿಂದಿನ ಒಂದು ರೋಲರ್‌ನ ಬಲತುದಿಯನ್ನು ಬೆಲ್ಟ್ ಚಲಿಸುವ ದಿಕ್ಕಿಗೆ 3 ಮಿಲಿಮೀಟರ್ ಸರಿಸಿದೆ. ರಕ್ಷಣಾ ಕವಚ (ಗಾರ್ಡ್) ಕೂರಿಸಿ, ಬೀಗ ತೆಗೆದು, ಮೂರು ಪೂರ್ತಿ ಸುತ್ತು ಓಡಿಸಿ ನೋಡಿದೆ. ಮೊದಲು ಖಾಲಿ, ಆಮೇಲೆ ಅದಿರು ತುಂಬಿಸಿ. ಈಗ ಎರಡೂ ಅಂಚುಗಳು ಚೌಕಟ್ಟಿನಿಂದ ಸಮದೂರದಲ್ಲಿವೆ.